ಸಿಯಾಟಲ್‌ಗೆ ಹೊರಟಿರುವ ತಂಗಿಗೆ

ತಂಗಿ,

ನಿನ್ನ ಪತ್ರ ಸಿಕ್ಕಾಗ ನಾನು ಇಲ್ಲೇ ಇದ್ದೆ, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಜಗಲಿಯಲ್ಲಿ. ಸಿಯಾಟಲ್‌ನಿಂದ ರಜಕ್ಕೆ ಬಂದು ಮೂರು ವಾರವಾಯಿತು. ಹೊರಗೆ ಆಷಾಢದ ಮಳೆ. ಒಂದಿಷ್ಟು ಹೊಳವಾದರೆ ತೋಟಕ್ಕೆ ಎರಡನೇ ಸಲದ ಔಷಧಿ ಹೊಡೆಸಬೇಕು ಅಂತ ಅಪ್ಪ ಬೆಳಗಿನಿಂದ ಆಕಾಶ ನೋಡುತ್ತಿದ್ದಾರೆ. ನನಗೂ ಎಲ್ಲಿಗೂ ಹೋಗುವ ಹಾಗಿಲ್ಲ. ಹಾಗಾಗಿ ಸಾವಕಾಶವಾಗಿ ಬರೆಯುತ್ತೇನೆ. ನೀನು ನನಗಿಂತ ತುಂಬ ಚಿಕ್ಕವಳು, ನೀನು ಅಂತಲೇ ಕರೆಯುತ್ತೇನೆ. ಬೇಜಾರಿಲ್ಲ ಅಲ್ವಾ?

ನೀನು ಕೇಳಿದ್ದು ಇಷ್ಟು. ಸೆಪ್ಟೆಂಬರ್‌ನಲ್ಲಿ ಐದು ವರ್ಷದ ಮಗಳನ್ನು ಕರೆದುಕೊಂಡು ಶಿವಮೊಗ್ಗದ ವಿನೋಬನಗರದ ಮನೆಯಿಂದ ಸಿಯಾಟಲ್‌ಗೆ ಹೊರಡುತ್ತಿದ್ದೀಯ. ಗಂಡ ಹೋಗಿ ಆರು ತಿಂಗಳಾಯಿತು. ನಿನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಇಡೀ ದಿನ ಹೇಗೆ ಕಳೆಯುವುದು? ಮಗಳು ಯಾರ ಜೊತೆ ಆಡುತ್ತಾಳೆ? ಬರುವ ಬೇಸಿಗೆಗೆ ಅತ್ತೆ ಮಾವ ಬಂದರೆ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಕೊನೆಗೆ ಒಂದು ಮಾತು ಬರೆದಿದ್ದೀಯ: "ಅಕ್ಕಾ, ಅಲ್ಲಿ ಜಗಲಿ ಇರುವುದಿಲ್ಲವಲ್ಲ." ಉಳಿದದ್ದಕ್ಕಿಂತ ಆ ಮಾತು ನನ್ನ ಮನಸ್ಸಿನಲ್ಲಿ ಜಾಸ್ತಿ ನಿಂತಿತು.

ಮನೆಗೆ ಜಗಲಿ ಇರುವುದಿಲ್ಲ, ನಿಜ. ಅಪಾರ್ಟ್‌ಮೆಂಟಿನ ಬಾಗಿಲು ಹಾಕಿಕೊಂಡರೆ ಪಕ್ಕದ ಮನೆಯಲ್ಲಿ ಯಾರಿದ್ದಾರೆ ಅಂತ ವರ್ಷವಾದರೂ ಗೊತ್ತಾಗುವುದಿಲ್ಲ. ಆದರೆ ಇಡೀ ಊರಿಗೇ ಒಂದು ಜಗಲಿ ಇದೆ. ಅದನ್ನು ನೋಡಿಕೊಳ್ಳುವುದಕ್ಕೆ ಒಂದು ಇಲಾಖೆಯೇ ಇದೆ. ಸಿಯಾಟಲ್ ಪಾರ್ಕ್ಸ್ ಅಂಡ್ ರಿಕ್ರಿಯೇಷನ್ ಅಂತ ಅದರ ಹೆಸರು. ಅಮೆರಿಕದ ಹೆಚ್ಚುಕಡಿಮೆ ಎಲ್ಲ ಊರುಗಳಲ್ಲೂ ಇಂಥದ್ದೊಂದು ಇರುತ್ತದೆ. ಹೋದ ಮೊದಲ ವಾರವೇ, ಬೇಳೆ ಅಕ್ಕಿ ತಂದಿಟ್ಟ ಮೇಲೆ, ನಿನ್ನ ಮನೆಗೆ ಹತ್ತಿರದ ಕಮ್ಯುನಿಟಿ ಸೆಂಟರ್ ಯಾವುದು ಅಂತ ಹುಡುಕಿ ನಡೆದುಕೊಂಡು ಹೋಗು. ಇದು ನನಗೆ ಗೊತ್ತಾಗಲು ನಾಲ್ಕು ವರ್ಷ ಬೇಕಾಯಿತು. ಆ ನಾಲ್ಕು ವರ್ಷ ನಿನಗೆ ಉಳಿಯಲಿ ಅಂತಲೇ ಇಷ್ಟುದ್ದ ಬರೆಯುತ್ತಿರುವುದು.

ಶಿವಮೊಗ್ಗದಲ್ಲಿ ಪಾರ್ಕ್ ಅಂದರೆ ನಮಗೆ ಗಾಂಧಿ ಪಾರ್ಕ್. ಸಂಜೆ ಹೋಗಿ, ಮಕ್ಕಳನ್ನು ಆಡಲು ಬಿಟ್ಟು, ಚುರುಮುರಿ ತಿಂದು ಬರುವ ಜಾಗ. ಓಟ, ಆಟ ಅಂದರೆ ನೆಹರು ಸ್ಟೇಡಿಯಂ. ನಾಟಕಕ್ಕೆ ಕುವೆಂಪು ರಂಗಮಂದಿರ. ಬೇಸಿಗೆ ಶಿಬಿರ ಯಾವುದೋ ಶಾಲೆಯಲ್ಲಿ. ಈಜು ಹೊಳೆಯಲ್ಲಿ. ಇವನ್ನೆಲ್ಲ ಒಂದೇ ಕಡೆ ಸೇರಿಸಿ, ಒಂದೇ ಆಫೀಸಿನ ಕೈಗೆ ಕೊಟ್ಟರೆ ಹೇಗಿರುತ್ತದೋ ಹಾಗಿದೆ ಅಲ್ಲಿನ ಇಲಾಖೆ. ಸಿಯಾಟಲ್ ಒಂದರಲ್ಲೇ ಅದರ ಕೈಯಲ್ಲಿ 6,000 ಎಕರೆಗಿಂತ ಜಾಸ್ತಿ ಜಾಗ ಇದೆ. 480ಕ್ಕೂ ಹೆಚ್ಚು ಪಾರ್ಕುಗಳಿವೆ. ಕೆರೆ ದಂಡೆ, ಸಮುದ್ರದ ದಂಡೆ, ಹಳೇ ಕಾಡು, ಆಟದ ಬಯಲು, ಮಾಡು ಹಾಕಿದ ಈಜುಕೊಳಗಳು, ಮಕ್ಕಳ ಕ್ಲಾಸುಗಳು, ವಯಸ್ಸಾದವರ ನಡಿಗೆಯ ಗುಂಪುಗಳು, ಎಲ್ಲವೂ ಅದರದ್ದೇ.

ಕಮ್ಯುನಿಟಿ ಸೆಂಟರ್ ಅಂದರೆ ದೊಡ್ಡ ಕಟ್ಟಡ ಅಂತ ಅಂದುಕೊಳ್ಳಬೇಡ. ನಮ್ಮ ಹತ್ತಿರದ್ದು ಹೊರಗಿನಿಂದ ನೋಡಿದರೆ ಹಳೇ ಶಾಲೆಯ ಹಾಗಿದೆ. ಒಳಗೆ ಹೋದರೆ ಮೇಜಿನ ಹಿಂದೆ ಒಬ್ಬರು ಕೂತಿರುತ್ತಾರೆ. ಗೋಡೆ ತುಂಬ ಚೀಟಿಗಳು. ಕರಾಟೆ, ಮಣ್ಣಿನ ಪಾತ್ರೆ ಮಾಡುವುದು, ಇಂಗ್ಲಿಷ್ ಮಾತಾಡುವ ಗುಂಪು. ಬಾಸ್ಕೆಟ್‌ಬಾಲ್ ಆಡುವ ಹಾಲ್‌ನಲ್ಲಿ ಬೆಳಗ್ಗೆ ಹೊತ್ತು ನೆಲಕ್ಕೆ ಮೆತ್ತನೆ ಹಾಸಿ, ಪುಟ್ಟ ಸೈಕಲ್ಲು, ಚೆಂಡು, ಜಾರುಬಂಡಿ ಎಲ್ಲ ತಂದಿಟ್ಟಿರುತ್ತಾರೆ. ಶಾಲೆಗೆ ಹೋಗದ ಚಿಕ್ಕ ಮಕ್ಕಳನ್ನು ಅಲ್ಲಿ ಬಿಟ್ಟು ತಾಯಂದಿರು ಗೋಡೆಗೆ ಒರಗಿ ಕೂರುತ್ತಾರೆ. ನನಗೆ ಅಮೆರಿಕದಲ್ಲಿ ಮೊದಲ ಗೆಳತಿ ಸಿಕ್ಕಿದ್ದು ಆ ಗೋಡೆ ಹತ್ತಿರ. ಅವಳು ಇಥಿಯೋಪಿಯಾದವಳು. ಇಬ್ಬರಿಗೂ ಇಂಗ್ಲಿಷ್ ತಡವರಿಸುತ್ತಿತ್ತು. ಅವಳ ಮಗ ನನ್ನ ಮಗನ ಸೈಕಲ್ ಕಿತ್ತುಕೊಂಡ, ಇವನು ಅತ್ತ, ಅಲ್ಲಿಂದ ಮಾತು ಶುರುವಾಯಿತು. ಅವರ ಇಂಜೆರಾ ನಮ್ಮ ದೋಸೆಯ ಹಾಗೇ ಹುಳಿ ಬರಿಸಿ ಮಾಡುವುದು ಅಂತ ಗೊತ್ತಾದ ದಿನ ಇಬ್ಬರೂ ಎಷ್ಟು ಖುಷಿಪಟ್ಟೆವು ಗೊತ್ತಾ! ಹದಿನೈದು ವರ್ಷದ ಮೇಲೂ ನಾವು ಗೆಳತಿಯರು.

ಮಳೆಯ ಬಗ್ಗೆ ಹೆದರಬೇಡ. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಸುರಿಯುತ್ತದೆ. ಸಿಯಾಟಲ್‌ನಲ್ಲಿ 1,000 ಮಿಲಿಮೀಟರ್ ಬಂದರೆ ಹೆಚ್ಚು. ಅಲ್ಲಿನದು ಜಿಟಿಜಿಟಿ ಮಳೆ, ಅಕ್ಟೋಬರ್‌ನಿಂದ ಮೇ ತನಕ. ಕಷ್ಟ ಇರುವುದು ಕತ್ತಲೆಯಲ್ಲಿ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂ ಕಾಲು, ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನದ ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಕತ್ತಲು. ನಮ್ಮ ಕಡೆಯಿಂದ ಬಂದವರು ಎಷ್ಟೋ ಜನ ಆ ಮೊದಲ ಚಳಿಗಾಲದಲ್ಲಿ ಮಂಕಾಗಿಬಿಡುತ್ತಾರೆ. ನಾನೂ ಆಗಿದ್ದೆ. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹೊದ್ದು ಗದ್ದೆಗೆ ಹೋಗುತ್ತಿದ್ದ ಜನ ನಾವು, ಅಲ್ಲಿ ಹೋಗಿ ಹನಿ ಮಳೆಗೆ ಬಾಗಿಲು ಹಾಕಿಕೊಂಡು ಕೂರುತ್ತೇವೆ. ಹಾಗೆ ಕೂರಬೇಡ. ಅಲ್ಲಿನವರು ಮಳೆಯಲ್ಲೇ ಮಕ್ಕಳನ್ನು ಆಡಿಸುತ್ತಾರೆ. ಕತ್ತಲಾದ ಮೇಲೆ ಈಜುಕೊಳಕ್ಕೆ ಹೋಗುತ್ತಾರೆ.

ಈಜುಕೊಳದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ಮನೆಯಿಂದ ತುಂಗಾ ಹೊಳೆಗೆ ಹತ್ತು ನಿಮಿಷದ ದಾರಿ. ಅಣ್ಣಂದಿರು ಒಣಗಿದ ಸೋರೆಬುರುಡೆ ಸೊಂಟಕ್ಕೆ ಕಟ್ಟಿಕೊಂಡು ಈಜು ಕಲಿತರು. ಅಪ್ಪನೇ ಕಲಿಸಿದರು. ನಾನೂ ನನ್ನ ತಂಗಿಯೂ ದಡದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದೆವು. ಹೆಣ್ಣುಮಕ್ಕಳು ಈಜಬಾರದು ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬಾ ಅಂತ ಯಾರೂ ಕರೆಯಲೂ ಇಲ್ಲ, ಅಷ್ಟೆ. ಎಳ್ಳಮಾವಾಸ್ಯೆ ಜಾತ್ರೆಗೆ ಹೋಗಿ ರಾಮತೀರ್ಥದಲ್ಲಿ ಮುಳುಗು ಹಾಕುವಾಗಲೂ ಅಮ್ಮನ ಕೈ ಬಿಡುತ್ತಿರಲಿಲ್ಲ. ಹೊಳೆ ಪಕ್ಕದಲ್ಲೇ ಹುಟ್ಟಿ ಬೆಳೆದು, ನೀರು ಕಂಡರೆ ಹೆದರುವ ಹೆಂಗಸಾಗಿ ನಾನು ಅಮೆರಿಕಕ್ಕೆ ಹೋದೆ.

ನನಗೆ ಮೂವತ್ತನಾಲ್ಕು ವರ್ಷವಾಗಿದ್ದಾಗ ಮಗನನ್ನು ಈಜಿನ ಕ್ಲಾಸಿಗೆ ಸೇರಿಸಲು ಹೋದೆ. ಮೇಜಿನ ಹತ್ತಿರ ಇದ್ದ ಹುಡುಗಿ, "ನಿಮಗೆ ಬರುತ್ತಾ?" ಅಂತ ಕೇಳಿದಳು. ಇಲ್ಲ ಅಂದೆ. "ದೊಡ್ಡವರ ಕ್ಲಾಸೂ ಇದೆ, ಇನ್ನೂ ಎರಡು ಜಾಗ ಖಾಲಿ ಇದೆ" ಅಂದಳು. ಯಾರೋ ಬಾ ಅಂತ ಕರೆದಿದ್ದು ಅದೇ ಮೊದಲು.

ಕ್ಲಾಸಿನಲ್ಲಿ ಆರು ಜನ. ಒಬ್ಬರು ವಿಯೆಟ್ನಾಮಿನ ಅಜ್ಜ. ಕಲಿಸುವವರಿಗೆ ಅರವತ್ತು ದಾಟಿತ್ತು, ಬೆಳ್ಳಗಿನ ಕೂದಲು. ಮೊದಲ ಎರಡು ವಾರ ಅಂಚಿನ ಕಲ್ಲು ಹಿಡಿದುಕೊಂಡು ಮುಖ ಮುಳುಗಿಸಿ ಗುಳ್ಳೆ ಬಿಡುವುದು, ಅಷ್ಟೆ. ಮೂರನೇ ವಾರ ಅಂಗಾತ ಮಲಗಿಸಿದರು. ನನ್ನ ತಲೆಯ ಹಿಂದೆ ಅವರ ಎರಡು ಬೆರಳು. ಕಿವಿ ನೀರೊಳಗೆ ಹೋಯಿತು. ಹೊರಗಿನ ಗಲಾಟೆ ಎಲ್ಲ ನಿಂತು ಹೋಯಿತು. ಮೇಲೆ ಮಾಡಿನ ತೊಲೆಗಳು ಕಾಣುತ್ತಿದ್ದವು, ಒಂದೊಂದಾಗಿ ಎಣಿಸಿದೆ. ಅವರು ಬೆರಳು ತೆಗೆದದ್ದು ಯಾವಾಗಲೋ ಗೊತ್ತಾಗಲಿಲ್ಲ. ಏಳನೇ ತೊಲೆ ಎಣಿಸುವಾಗ ನೋಡಿದರೆ ಅವರು ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದಾರೆ. ಆ ಸಂಜೆ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀರು ಬೆಚ್ಚಗಿತ್ತಾ?" ಅಂದಳು.

ನೀನೂ ಕಲಿ. ಮಗಳ ಜೊತೆಗೇ ಕಲಿ. ಮೈತುಂಬ ಮುಚ್ಚುವ ಈಜುಡುಗೆ ಸಿಗುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಕೆಲವು ಊರುಗಳ ಕೊಳಗಳಲ್ಲಿ ಹೆಂಗಸರಿಗೆಂದೇ ಬೇರೆ ಹೊತ್ತು ಇಟ್ಟಿರುತ್ತಾರೆ. ಬೇಸಿಗೆಯಲ್ಲಿ ಲೇಕ್ ವಾಷಿಂಗ್ಟನ್ ದಂಡೆಯಲ್ಲಿ ಲೈಫ್‌ಗಾರ್ಡ್ ಇರುವ ಜಾಗಗಳಿವೆ. ಆ ಕೆರೆಯ ನೀರು ಮೇಲೆ ಬಿಸಿಲಿದ್ದರೂ ಕೊರೆಯುತ್ತದೆ, ಲೈಫ್ ಜಾಕೆಟ್ ಇಲ್ಲದೆ ಮಗಳನ್ನು ಬಿಡಬೇಡ.

ಇನ್ನು, ಇದೆಲ್ಲ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಇದು ಗೊತ್ತಾದ ಮೇಲೆಯೇ ನನಗೆ ಅಲ್ಲಿ ಸಂಕೋಚ ಹೋಗಿದ್ದು. ಮೊದಮೊದಲು ನಾನು ಯಾರದೋ ಮನೆಯ ಅಂಗಳಕ್ಕೆ ಕಾಲಿಟ್ಟ ಹಾಗೆ ಹೋಗುತ್ತಿದ್ದೆ.

1885ರಲ್ಲಿ ಬಾಸ್ಟನ್ ನಗರದ ಒಂದು ಪ್ರಾರ್ಥನಾ ಮಂದಿರದ ಅಂಗಳದಲ್ಲಿ ಒಂದು ರಾಶಿ ಮರಳು ತಂದು ಸುರಿದರು. ಮಕ್ಕಳು ಆಡಲಿ ಅಂತ. ಅಷ್ಟೇ, ಬರೀ ಮರಳು! ಮೇರಿ ಝಕ್ರೆವ್ಸ್ಕಾ ಅಂತ ಒಬ್ಬ ಡಾಕ್ಟರು ಬರ್ಲಿನ್‌ನಲ್ಲಿ ಇಂಥ ಮರಳುಗುಡ್ಡೆಗಳನ್ನು ನೋಡಿ ಬಾಸ್ಟನ್ನಿನವರಿಗೆ ಬರೆದು ತಿಳಿಸಿದ್ದರು. ಅವರೂ ಬರ್ಲಿನ್‌ನಿಂದ ವಲಸೆ ಬಂದವರೇ. ಮರಳು ಸುರಿದ ಆ ಕೇರಿ ಕೂಡ ವಲಸೆ ಬಂದ ಬಡವರ ಕೇರಿ. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ, ಮಕ್ಕಳಿಗೆ ಬೀದಿ ಬಿಟ್ಟರೆ ಬೇರೆ ಜಾಗ ಇರಲಿಲ್ಲ. ಆ ದೇಶದಲ್ಲಿ ಆಗಲೇ ದೊಡ್ಡ ಪಾರ್ಕುಗಳಿದ್ದವು. ನ್ಯೂಯಾರ್ಕಿನ 843 ಎಕರೆಯ ಸೆಂಟ್ರಲ್ ಪಾರ್ಕಿಗೆ ನಕ್ಷೆ ಆರಿಸಿದ್ದು 1858ರಲ್ಲೇ. ಆದರೆ ಅವು ನಡೆದಾಡಿ, ನೋಡಿ, ಗಾಳಿ ಕುಡಿದು ಬರುವ ಜಾಗ. ಮಗುವಿಗೆ ಬೇಕಾದ್ದು ಮನೆ ಹತ್ತಿರ ಒಂದು ಆಡುವ ಜಾಗ, ಅದರ ಜೊತೆಗೆ ನೋಡಿಕೊಳ್ಳುವ ಒಬ್ಬ ದೊಡ್ಡವರು. ಈ ಯೋಚನೆ ಆ ಮರಳಿನಿಂದ ಬೆಳೆಯಿತು. 1903ರಲ್ಲಿ ನ್ಯೂಯಾರ್ಕಿನ ಸೀವರ್ಡ್ ಪಾರ್ಕಿನಲ್ಲಿ ನಗರಸಭೆಯೇ ಕಾಯಂ ಆಟದ ಬಯಲು ಕಟ್ಟಿತು. ಅದೂ ವಲಸಿಗರು ಕಿಕ್ಕಿರಿದಿದ್ದ ಕೇರಿಯಲ್ಲೇ. 1904ರಲ್ಲಿ ಲಾಸ್ ಏಂಜಲೀಸ್ ಆಟದ ಬಯಲುಗಳಿಗೆ ಅಂತಲೇ ಒಂದು ಮಂಡಳಿ ಮಾಡಿತು. 1906ರಲ್ಲಿ ದೇಶಕ್ಕೆಲ್ಲ ಸೇರಿ ಒಂದು ಸಂಘವಾಯಿತು. ಪಾರ್ಕು ನೋಡಿಕೊಳ್ಳುವವರು ಒಂದು ಕಡೆ, ಆಟ ಕಲಿಸುವವರು ಇನ್ನೊಂದು ಕಡೆ ಇದ್ದರು. ಎರಡೂ ಸೇರಿಯೇ ಪಾರ್ಕ್ಸ್ ಅಂಡ್ ರಿಕ್ರಿಯೇಷನ್ ಅನ್ನುವ ಇವತ್ತಿನ ಈ ಜೋಡಿ ಹೆಸರು.

ಹಾಗಾಗಿ ನಿನ್ನ ಮಗಳು ಅಲ್ಲಿ ಹೋಗಿ ಮರಳಿನಲ್ಲಿ ಕೂತರೆ, ಅವಳಂಥ ಮಕ್ಕಳಿಗೆಂದೇ ಹುಟ್ಟಿದ ಜಾಗದಲ್ಲಿ ಕೂತ ಹಾಗೆ.

ಸಿಯಾಟಲ್ ಕಥೆಯೂ ಇದೇ ಕಾಲದ್ದು. 1903ರಲ್ಲಿ ಜಾನ್ ಚಾರ್ಲ್ಸ್ ಓಲ್ಮ್‌ಸ್ಟೆಡ್ ಅನ್ನುವವರನ್ನು ಕರೆಸಿ ಇಡೀ ಊರಿನ ಪಾರ್ಕುಗಳಿಗೆ ನಕ್ಷೆ ಮಾಡಿಸಿದರು. ಸೆಂಟ್ರಲ್ ಪಾರ್ಕ್ ಮಾಡಿದ ಇಬ್ಬರಲ್ಲಿ ಒಬ್ಬರ ಮಲಮಗ ಇವರು. ಯಾವ ಮನೆಯಿಂದ ಹೊರಟರೂ ಅರ್ಧ ಮೈಲಿಯೊಳಗೆ ಒಂದು ಪಾರ್ಕೋ ಆಟದ ಬಯಲೋ ಸಿಗಬೇಕು ಅನ್ನುವುದು ಅವರ ಗುರಿ. ಅರ್ಧ ಮೈಲಿ ಅಂದರೆ ಮುಕ್ಕಾಲು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ, ವಿನೋಬನಗರದ ಈ ಕೊನೆಯಿಂದ ಆ ಕೊನೆಗೂ ಇಲ್ಲ. ನಿನಗೆ ಕಾರು ಓಡಿಸಲು ಬರುವ ತನಕ ಈ ಅರ್ಧ ಮೈಲಿಯ ಬೆಲೆ ಏನು ಅಂತ ಗೊತ್ತಾಗುತ್ತದೆ. ಮುಂದೆ 1968ರಲ್ಲಿ ಜನ ವೋಟು ಹಾಕಿ ಪಾರ್ಕುಗಳಿಗೆ 11.8 ಕೋಟಿ ಡಾಲರ್ ಸಾಲ ಎತ್ತಲು ಒಪ್ಪಿದರು. ಅದೇ ದಿನ ರೈಲಿಗೆ ಕೇಳಿದ ಹಣಕ್ಕೆ ಸಾಕಷ್ಟು ವೋಟು ಬೀಳಲಿಲ್ಲ, ಪಾರ್ಕಿಗೆ ಬಿತ್ತು. 2014ರಲ್ಲಿ ಮತ್ತೆ ವೋಟು ಹಾಕಿ ಪಾರ್ಕುಗಳಿಗೆ ಅಂತಲೇ ಆಸ್ತಿ ತೆರಿಗೆ ವಸೂಲು ಮಾಡುವ ಏರ್ಪಾಡು ಮಾಡಿಕೊಂಡರು. ನೀವು ಬಾಡಿಗೆ ಮನೆಯಲ್ಲಿದ್ದರೂ ಆ ತೆರಿಗೆ ಬಾಡಿಗೆಯೊಳಗೆ ಸೇರಿಕೊಂಡಿರುತ್ತದೆ. ಬಿಟ್ಟಿ ಅಂತ ಅಂದುಕೊಳ್ಳಬೇಡ. ಸಿಟಿಯ ನೌಕರರು ವಲಸೆಯ ವಿಚಾರ ಕೇಳಬಾರದು ಅಂತ 2003ರಲ್ಲೇ ಸಿಯಾಟಲ್ ಕಾನೂನು ಮಾಡಿಕೊಂಡಿದೆ. ಕಮ್ಯುನಿಟಿ ಸೆಂಟರಿನ ಮೇಜಿನಲ್ಲಿ ನಿನ್ನ ವೀಸಾ ಯಾವುದು ಅಂತ ಯಾರೂ ಕೇಳುವುದಿಲ್ಲ.

ಎಲ್ಲ ಕಾಲಕ್ಕೂ ಎಲ್ಲರಿಗೂ ಈ ಬಾಗಿಲು ತೆರೆದಿತ್ತು ಅಂತಲೂ ತಿಳಿಯಬೇಡ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಈಜುಕೊಳಕ್ಕೆ ಬಿಡುತ್ತಿರಲಿಲ್ಲ. ಬಿಡಲೇಬೇಕು ಅಂತ ಕೋರ್ಟು ಹೇಳಿದಾಗ ಮಿಸಿಸಿಪ್ಪಿಯ ಜಾಕ್ಸನ್ ನಗರ ಕೊಳಗಳನ್ನೇ ಮುಚ್ಚಿಬಿಟ್ಟಿತು. 1971ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸರಿ ಅಂತ ಎತ್ತಿಹಿಡಿಯಿತು. ಕೊಳದಿಂದ ದೂರ ಇಟ್ಟವರ ಮಕ್ಕಳು, ಮೊಮ್ಮಕ್ಕಳು ಈಜು ಕಲಿಯದೇ ಉಳಿದರು. ಇದನ್ನು ಓದಿದಾಗ ನನಗೆ ತುಂಗೆಯ ದಡದ ಆ ಬಟ್ಟೆಕಲ್ಲು ನೆನಪಾಯಿತು. ನಮ್ಮಲ್ಲಿಯೂ ಯಾವ ಕೆರೆಗೆ, ಯಾವ ಬಾವಿಗೆ ಯಾರು ಇಳಿಯಬಹುದು ಅನ್ನುವ ಲೆಕ್ಕ ಇತ್ತಲ್ಲ. ನಿನ್ನ ಪಕ್ಕ ಈಜುವವರು ಎಂಥ ದಾರಿ ಹಾದು ಅಲ್ಲಿಗೆ ಬಂದಿದ್ದಾರೆ ಅಂತ ತಿಳಿದಿರಲಿ.

ಈಗ ಅತ್ತೆ ಮಾವನ ವಿಷಯ. ಅಪ್ಪ ಅಮ್ಮ ಮೊದಲ ಸಲ ಬಂದಾಗ ಅಪ್ಪ ಹದಿನೈದು ದಿನ ಕಿಟಕಿ ಬಿಟ್ಟು ಏಳಲಿಲ್ಲ. ಊರಿನಲ್ಲಿ ಬೆಳಗಾದರೆ ತೋಟ, ಸಂಜೆಯಾದರೆ ಪೇಟೆ. ಅಲ್ಲಿ ಮಾತಾಡಲು ಜನ ಇಲ್ಲ, ಮಾಡಲು ಕೆಲಸ ಇಲ್ಲ. ಕೊನೆಗೆ ಗ್ರೀನ್ ಲೇಕ್‌ಗೆ ಕರೆದುಕೊಂಡು ಹೋದೆ. ಊರ ನಡುವಿನ ಕೆರೆ ಅದು. ಸುತ್ತ ನಾಲ್ಕೂವರೆ ಕಿಲೋಮೀಟರ್ ನಡೆಯುವ ದಾರಿ ಇದೆ. 1911ರಲ್ಲಿ ಕೆರೆಯ ನೀರನ್ನು 7 ಅಡಿ ಇಳಿಸಿ, ಹಾಗೆ ಸಿಕ್ಕ ನೆಲವನ್ನು ಪಾರ್ಕು ಮಾಡಿದ್ದಾರೆ ಅಂತ ಹೇಳಿದೆ. ಅಪ್ಪ ತಕ್ಷಣ, "ಹಾಗಾದರೆ ನೀರು ಹರಿದು ಹೋಗುವ ಕೋಡಿ ಏನಾಯಿತು?" ಅಂದರು. ತೋಟ ಮಾಡಿದವರು ಕೇಳುವ ಪ್ರಶ್ನೆ ಅದು! ಕೋಡಿಯ ಹಳ್ಳ ಆಗಲೇ ಬತ್ತಿಹೋಗಿದೆ, ಬೇಸಿಗೆಯಲ್ಲಿ ಕೆರೆಗೆ ಪಾಚಿ ಕಟ್ಟುತ್ತದೆ. ಆವತ್ತಿನಿಂದ ಅಪ್ಪ ದಿನಾ ಹೊರಟರು. ದಾರಿಯಲ್ಲಿ ಸಿಗುವ ಒಬ್ಬ ಚೀನಾದ ಅಜ್ಜನಿಗೂ ಇವರಿಗೂ ಭಾಷೆ ಇಲ್ಲ. ಇಬ್ಬರೂ ನಿಂತು ಬಾತುಕೋಳಿ ತೋರಿಸಿಕೊಂಡು ಕೈಸನ್ನೆ ಮಾಡುತ್ತಿದ್ದರು. ಐವತ್ತು ದಾಟಿದವರಿಗೆ ಇಲಾಖೆಯಲ್ಲಿ ಲೈಫ್‌ಲಾಂಗ್ ರಿಕ್ರಿಯೇಷನ್ ಅಂತ ಬೇರೆಯೇ ವಿಭಾಗ ಇದೆ. ಗುಂಪಾಗಿ ನಡೆಯುವುದು, ಯೋಗ, ಹಾಡು, ಬಸ್ಸಿನಲ್ಲಿ ಹತ್ತಿರದ ಜಾಗಗಳಿಗೆ ಹೋಗುವುದು. ಪಿಕಲ್‌ಬಾಲ್ ಅಂತ ಟೆನಿಸ್ ಥರದ ಒಂದು ಆಟ ಇದೆ. 1965ರಲ್ಲಿ ಸಿಯಾಟಲ್ ಪಕ್ಕದ ಬೇನ್‌ಬ್ರಿಜ್ ದ್ವೀಪದಲ್ಲೇ ಹುಟ್ಟಿದ್ದು. ಮಂಡಿ ಗಟ್ಟಿ ಇದ್ದರೆ ಮಾವ ಅದನ್ನೂ ಆಡಬಹುದು.

ಅವರನ್ನು ಒಂದು ಜಾಗಕ್ಕೆ ಮಾತ್ರ ತಪ್ಪದೆ ಕರೆದುಕೊಂಡು ಹೋಗು. ಕುಬೋಟಾ ಗಾರ್ಡನ್. ಊರಿನ ದಕ್ಷಿಣಕ್ಕಿದೆ. 20 ಎಕರೆ. ಟಿಕೆಟ್ ಇಲ್ಲ.

ಫುಜಿಟಾರೊ ಕುಬೋಟಾ ಜಪಾನಿನಿಂದ 1907ರಲ್ಲಿ ಅಮೆರಿಕಕ್ಕೆ ಬಂದವರು. ಜಪಾನೀಯರು ಭೂಮಿ ಕೊಳ್ಳಬಾರದು ಅಂತ ವಾಷಿಂಗ್ಟನ್ ರಾಜ್ಯ 1921ರಲ್ಲಿ ಕಾನೂನು ಮಾಡಿತ್ತು. ಅಂಥ ಕಾಲದಲ್ಲೂ 1927ರಲ್ಲಿ ಅವರು ಮರ ಕಡಿದು ಬಿಟ್ಟಿದ್ದ 5 ಎಕರೆ ಜೌಗು ನೆಲದಲ್ಲಿ ತೋಟ ಶುರು ಮಾಡಿದರು. ಯಾರೂ ಬೇಡ ಅಂದ ನೆಲ. ಕಲ್ಲು ತಂದರು, ಹಳ್ಳ ತಿರುಗಿಸಿದರು, ಕೊಳ ತೋಡಿದರು, ಗಿಡ ನೆಟ್ಟರು. ಎರಡನೇ ಮಹಾಯುದ್ಧ ಬಂದಾಗ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನೀಯರನ್ನೆಲ್ಲ ಹಿಡಿದು ಶಿಬಿರಗಳಿಗೆ ಹಾಕಿದರು. ಕುಬೋಟಾ ಸಂಸಾರವನ್ನು ಐಡಾಹೊದ ಮಿನಿಡೋಕಾ ಶಿಬಿರಕ್ಕೆ ಕಳಿಸಿದರು. ಆ ಮನುಷ್ಯ ಮುಳ್ಳುತಂತಿಯ ಒಳಗೆ ಏನು ಮಾಡಿದರು ಗೊತ್ತಾ? ಜೊತೆಯವರನ್ನು ಸೇರಿಸಿಕೊಂಡು ಅಲ್ಲೂ ಒಂದು ಪಾರ್ಕು ಕಟ್ಟಿದರು. ಯುದ್ಧ ಮುಗಿದು ವಾಪಸು ಬಂದಾಗ ತೋಟ ಹಾಳು ಬಿದ್ದಿತ್ತು. ಮಕ್ಕಳ ಜೊತೆ ಮತ್ತೆ ಮೊದಲಿನಿಂದ ಶುರು ಮಾಡಿದರು. 1973ರಲ್ಲಿ ತೀರಿಕೊಂಡರು. 1987ರಲ್ಲಿ ಸಿಟಿ ಆ ತೋಟವನ್ನು ಕೊಂಡು ಪಾರ್ಕು ಇಲಾಖೆಗೆ ಕೊಟ್ಟಿತು.

ಅಪ್ಪ ಆ ತೋಟದಲ್ಲಿ ಇಡೀ ದಿನ ಇದ್ದರು. ಹೂವಿನ ಕಡೆ ಅಷ್ಟಾಗಿ ನೋಡಲಿಲ್ಲ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಹಳ್ಳದ ಜೊತೆಗೇ ನಡೆದರು. ಒಂದು ಕಡೆ ಬಗ್ಗಿ ಕೂತು, ಧರೆ ಜರಿಯದ ಹಾಗೆ ಕೂರಿಸಿದ್ದ ಕಲ್ಲಿನ ಸಂದಿಗೆ ಬೆರಳು ಹಾಕಿ ನೋಡಿದರು. "ಇವನು ಬಸಿಗಾಲುವೆ ಗೊತ್ತಿದ್ದವನು" ಅಂದರು. ಅಪ್ಪ ಇನ್ನೊಬ್ಬರ ತೋಟವನ್ನು ಹೊಗಳಿದ್ದು ನಾನು ಕೇಳಿದ್ದು ಅಪರೂಪ. ಊರಿಗೆ ವಾಪಸು ಬಂದ ಮೇಲೆ ನಮ್ಮ ಗೇಟಿನ ಹತ್ತಿರ, ಹಲಸಿನ ಮರದ ಕೆಳಗೆ, ಉದ್ದದ ಒಂದು ಚಪ್ಪಡಿ ಕಲ್ಲು ಕೂರಿಸಿದ್ದಾರೆ. ಶಾಲೆ ಮಕ್ಕಳು ಬಸ್ಸಿಗೆ ಕಾಯುವಾಗ ಅದರ ಮೇಲೆ ಕೂರುತ್ತಾರೆ. ಇವತ್ತು ಬೆಳಗ್ಗೆಯೂ ನಾಲ್ಕು ಮಕ್ಕಳು ಒಂದೇ ಕೊಡೆಯ ಕೆಳಗೆ ಕೂತಿದ್ದವು.

ಸೋಮವಾರದಿಂದ ಶುಕ್ರವಾರದ ತನಕ ಮಗಳು ಶಾಲೆಗೆ ಹೋದ ಮೇಲೆ ನಿನಗೆ ಐದಾರು ಗಂಟೆ ಖಾಲಿ. ಸಂಬಳ ತೆಗೆದುಕೊಳ್ಳುವ ಹಾಗಿಲ್ಲ, ಸರಿ. ಪಾರ್ಕುಗಳಲ್ಲಿ ಸುಮ್ನೆ ಸೇವೆಗೆ ಬರುವವರಿಗೆ ಕೆಲಸ ಬೇಕಾದಷ್ಟಿದೆ. ವೀಸಾದ ಅನುಮಾನ ಇದ್ದರೆ ಗಂಡನ ಆಫೀಸಿನ ವಕೀಲರನ್ನು ಒಂದು ಮಾತು ಕೇಳಿಕೊ. 2004ರಲ್ಲಿ ಗ್ರೀನ್ ಸಿಯಾಟಲ್ ಪಾರ್ಟ್‌ನರ್‌ಶಿಪ್ ಅಂತ ಶುರು ಮಾಡಿ, ಊರೊಳಗಿನ 2,500 ಎಕರೆ ಕಾಡನ್ನು ಸರಿಮಾಡಲು ಹೊರಟರು. ನಮ್ಮಲ್ಲಿ ಲಂಟಾನ ಹೇಗೆ ಕಾಡು ನುಂಗಿದೆಯೋ ಹಾಗೆ ಅಲ್ಲಿ ಐವಿ ಬಳ್ಳಿ, ಮುಳ್ಳಿನ ಬ್ಲ್ಯಾಕ್‌ಬೆರಿ ನುಂಗಿವೆ. ಹೋದರೆ ಕೈಗವಸು, ಗುದ್ದಲಿ ಅವರೇ ಕೊಡುತ್ತಾರೆ. ಬುಡ ಸಮೇತ ಕಿತ್ತು, ಅಲ್ಲಿನ ದೇವದಾರು ಜಾತಿಯ ಸಸಿ ನೆಡುವುದು. ನನಗೆ ಊರಿನ ವಾಸನೆ ಬರುವುದು ಆ ಒದ್ದೆ ಎಲೆಮಣ್ಣಿನಲ್ಲೇ. ಸೊಪ್ಪಿನಬೆಟ್ಟದಲ್ಲಿ ದರಕು ಗುಡಿಸಿದ ಕೈ ನನ್ನದು. ಅಲ್ಲಿ ಮೊದಲ ಸಲ ಮಣ್ಣಿಗೆ ಕೈ ಹಾಕಿದಾಗ ಕಣ್ಣಲ್ಲಿ ನೀರು ಬಂತು.

ತರಕಾರಿ ಬೆಳೆಯುವ ಆಸೆ ಇದ್ದರೆ ಪೀ-ಪ್ಯಾಚ್ ಅಂತ ಇದೆ. 1973ರಲ್ಲಿ ಪಿಕಾರ್ಡೊ ಅನ್ನುವ ಇಟಲಿ ಮೂಲದ ಸಂಸಾರದ ಹೊಲದಲ್ಲಿ ಶುರುವಾಗಿ ಅವರ ಹೆಸರಿನ ಮೊದಲ ಅಕ್ಷರ ಇಟ್ಟುಕೊಂಡಿದೆ. ಅದು ಸಿಟಿಯ ಇನ್ನೊಂದು ಇಲಾಖೆಯದು, ಸರದಿ ಉದ್ದ. ಹೋದ ಕೂಡಲೇ ಹೆಸರು ಬರೆಸು. ನನಗೆ ಸಿಕ್ಕ ಮಡಿಯಲ್ಲಿ ಕೆಸು ಏಳಲಿಲ್ಲ, ಮೆಂತ್ಯ ಮಾತ್ರ ಚೆನ್ನಾಗಿ ಬಂತು.

ಮಾಡಿದ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ಯುಗಾದಿಗೆ ನಾವು ಹತ್ತು ಸಂಸಾರದವರು ಸೇರಿ ಒಂದು ಪಾರ್ಕಿನ ಪಿಕ್ನಿಕ್ ಚಪ್ಪರದಲ್ಲಿ ಹೋಳಿಗೆ, ಚಿತ್ರಾನ್ನ ಎಲ್ಲ ಹರಡಿಕೊಂಡು ಕೂತೆವು. ಖಾಲಿ ಇದೆ, ಕೂತರಾಯಿತು ಅಂತ. ಮುಕ್ಕಾಲು ಗಂಟೆಯಲ್ಲಿ ಇನ್ನೊಂದು ಗುಂಪು ಬಲೂನು, ಕೇಕು ಹಿಡಿದುಕೊಂಡು ಬಂತು. ಮಗುವಿನ ಹುಟ್ಟುಹಬ್ಬ. ಅವರ ಕೈಯಲ್ಲಿ ಬುಕ್ ಮಾಡಿದ ಕಾಗದ ಇತ್ತು. ಎಲೆ ಹಾಕಿದ ಮೇಲೆ ಎದ್ದು ಹೋಗುವ ಸಂಕಟ ನಿನಗೆ ಹೇಳಬೇಕಾಗಿಲ್ಲ. ಅವರು ಒಳ್ಳೆಯವರು, ಅರ್ಧ ಚಪ್ಪರ ನಮಗೆ ಬಿಟ್ಟುಕೊಟ್ಟರು. ನಾವು ಹೋಳಿಗೆ ಕೊಟ್ಟೆವು. ಆದರೂ ಚಪ್ಪರ ಮೊದಲೇ ಬುಕ್ ಮಾಡಬೇಕು, ದುಡ್ಡು ಕಟ್ಟಬೇಕು ಅಂತ ನೆನಪಿಟ್ಟುಕೊ. ಬೇಸಿಗೆಯ ವಾರಾಂತ್ಯಗಳು ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತವೆ.

ಕ್ಲಾಸುಗಳೂ ಹಾಗೆಯೇ. ವರ್ಷಕ್ಕೆ ನಾಲ್ಕು ಕಾಲಕ್ಕೂ ಬೇರೆ ಬೇರೆ ಪಟ್ಟಿ ಬರುತ್ತದೆ. ರಿಜಿಸ್ಟ್ರೇಷನ್ ಇಂಥ ದಿನ, ಇಂಥ ಹೊತ್ತಿಗೆ ಶುರು ಅಂತ ಮೊದಲೇ ಹೇಳಿರುತ್ತಾರೆ. ಮಕ್ಕಳ ಈಜಿನ ಕ್ಲಾಸು ಕೆಲವೇ ನಿಮಿಷದಲ್ಲಿ ಭರ್ತಿ. ಅದಕ್ಕೇ ಮೊದಲೇ ಅಕೌಂಟ್ ಮಾಡಿಟ್ಟುಕೊಂಡು, ಗಡಿಯಾರ ನೋಡಿಕೊಂಡು ಕೂರಬೇಕು. ಸಿಗದಿದ್ದರೆ ಕಾಯುವ ಪಟ್ಟಿಗೆ ಹೆಸರು ಹಾಕು, ಎಷ್ಟೋ ಸಲ ಕರೆ ಬರುತ್ತದೆ. ಫೀಸು ಜಾಸ್ತಿ ಅನ್ನಿಸಿದರೆ ಆದಾಯ ನೋಡಿ ಸ್ಕಾಲರ್‌ಶಿಪ್ ಕೊಡುತ್ತಾರೆ, ಕೇಳಲು ನಾಚಿಕೆ ಬೇಡ. ಬೇಸಿಗೆಯಲ್ಲಿ ಎಷ್ಟೋ ಪಾರ್ಕುಗಳಲ್ಲಿ ಮಕ್ಕಳಿಗೆ ನೀರಾಟದ ಕೊಳ, ಆಟ, ಬಣ್ಣ ಹಚ್ಚುವುದು ಎಲ್ಲ ದುಡ್ಡಿಲ್ಲದೆ ನಡೆಯುತ್ತದೆ. ಕೆಲವು ಕಡೆ ಹದಿನೆಂಟರ ತನಕದ ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ಕೊಡುತ್ತಾರೆ. ಅದು ಕೇಂದ್ರ ಸರ್ಕಾರದ ಹಣ.

ನಿಮ್ಮ ಮನೆ ಸಿಯಾಟಲ್ ಒಳಗಲ್ಲದೆ ರೆಡ್ಮಂಡ್, ಬೆಲ್‌ವ್ಯೂ ಕಡೆ ಆದರೆ ಇಲಾಖೆ ಬೇರೆ. ಒಂದೊಂದು ಊರಿಗೂ ಅದರದೇ. ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥದ್ದಕ್ಕೆ, ಇನ್ನೊಂದು. ರೆಡ್ಮಂಡ್ ಹತ್ತಿರ ಮೇರಿಮೂರ್ ಪಾರ್ಕ್ ಕಿಂಗ್ ಕೌಂಟಿಯದು, 640 ಎಕರೆ, ಅಲ್ಲಿ ಕ್ರಿಕೆಟ್ ಪಿಚ್ ಇದೆ. ನಿನ್ನ ಗಂಡ ಆಗಲೇ ಅಲ್ಲಿಗೆ ಹೋಗಿಬಂದಿರುತ್ತಾರೆ ಬಿಡು.

ಕನ್ನಡದವರ ಸಹವಾಸ ಬೇಡ ಅಂತ ನಾನು ಹೇಳುತ್ತಿಲ್ಲ. ಕನ್ನಡ ಸಂಘಕ್ಕೆ ಹೋಗು, ಹಬ್ಬಕ್ಕೆ ಸೇರು, ನಮ್ಮ ಮನೆಗೂ ಬಾ. ಆದರೆ ಅಷ್ಟರಲ್ಲೇ ಉಳಿದುಬಿಟ್ಟವರನ್ನು ನೋಡಿದ್ದೇನೆ. ಇಪ್ಪತ್ತು ವರ್ಷವಾದರೂ ಅವರಿಗೆ ಆ ಊರು ಬಾಡಿಗೆ ಮನೆಯ ಹಾಗೇ ಇದೆ. ನನಗೆ ಅದು ಊರು ಅನ್ನಿಸಲು ಶುರುವಾಗಿದ್ದು ಈಜುಕೊಳದ ಮೇಜಿನ ಹುಡುಗಿ ಒಂದು ದಿನ ನನ್ನ ಹೆಸರನ್ನು ತಪ್ಪಿಲ್ಲದೆ ಕರೆದಾಗ.

ನೀನು ತಲುಪುವ ಹೊತ್ತಿಗೆ ಶರತ್ಕಾಲದ ಈಜಿನ ಕ್ಲಾಸುಗಳು ತುಂಬಿರುತ್ತವೆ. ಚಳಿಗಾಲದ ಪಟ್ಟಿಗೆ ಕಾಯೋಣ. ಮನೆ ವಿಳಾಸ ಗೊತ್ತಾದ ಕೂಡಲೇ ಕಳಿಸು, ಯಾವ ಸೆಂಟರ್ ಹತ್ತಿರ, ಯಾವ ಬಸ್ಸು ಅಂತ ನಾನೇ ಬರೆದು ಕೊಡುತ್ತೇನೆ. ನಾನು ಆಗಸ್ಟ್ ಕೊನೆಗೆ ವಾಪಸು ಹೋಗುತ್ತೇನೆ. ನೀನು ಬಂದ ಮೊದಲ ಶನಿವಾರ ಗ್ರೀನ್ ಲೇಕ್ ಒಂದು ಸುತ್ತು ಹಾಕೋಣ. ಮಗಳಿಗೆ ಕೊಡೆ ತರಬೇಡ, ಅಲ್ಲಿ ಮಕ್ಕಳು ಕೊಡೆ ಹಿಡಿಯುವುದಿಲ್ಲ. ತಲೆಗೆ ಟೋಪಿ ಇರುವ ಮಳೆ ಜರ್ಕಿನ್, ಮೊಣಕಾಲ ತನಕ ಬರುವ ಬೂಟು ಸಾಕು. ಅದೂ ಅಲ್ಲೇ ಸಿಗುತ್ತದೆ. ಸೂಟ್‌ಕೇಸಿನಲ್ಲಿ ಆ ಜಾಗಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ ತುಂಬಿಸು. ಎರಡೆರಡು ಕವರ್ ಹಾಕಿ, ಬಾಯಿ ಗಟ್ಟಿಯಾಗಿ ಕಟ್ಟು.

ಹೊರಗೆ ಹೊಳವಾಯಿತು. ಅಪ್ಪ ಔಷಧಿಯವರಿಗೆ ಫೋನ್ ಮಾಡುತ್ತಿದ್ದಾರೆ. ನಾನು ಹಂಡೆಗೆ ಬೆಂಕಿ ಹಾಕಬೇಕು.